ಸಹಾಯ ಬೇಕು: ನೇಪಾಳದ ಸಿಂಧುಪಾಲ್ಚೋಕ್‌ನ ಕುಟುಂಬಗಳಿಗೆ 2015ರ ಮಳೆಗಾಲಕ್ಕೆ ಮುನ್ನ ತಗಡಿನ ಶೀಟುಗಳು

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ.

ನೇಪಾಳದಲ್ಲಿ 2015ರ ಏಪ್ರಿಲ್ 25ರಂದು ಸಂಭವಿಸಿದ 7.8 ತೀವ್ರತೆಯ ಭೂಕಂಪದಲ್ಲಿ ಬಿರುಕುಬಿಟ್ಟೂ ನಿಂತಿದ್ದ ಮನೆಗಳಲ್ಲಿ ಹಲವು ಮೇ 12ರ 7.3 ತೀವ್ರತೆಯ ಕಂಪನಕ್ಕೆ ಕುಸಿದಿದ್ದು, ಅತಿ ಹೆಚ್ಚು ಜೀವಹಾನಿಯಾದ ಸಿಂಧುಪಾಲ್ಚೋಕ್ ಜಿಲ್ಲೆಯ ಗುಡ್ಡಗಾಡಿನ ಊರುಗಳಲ್ಲಿ ಜನರು ಮಕ್ಕಳು ಮುದುಕರೊಡನೆ ಹೊಲಗಳ ಅಂಚಿನಲ್ಲಿ ಟಾರ್ಪಾಲಿನಡಿ ದಿನ ದೂಡುತ್ತಿದ್ದಾರೆ. ಜೂನ್ ಮಧ್ಯದ ಹೊತ್ತಿಗೆ ಅಲ್ಲಿ ಮುಂಗಾರು ಹಿಡಿಯುತ್ತದೆ. ಸಡಿಲಗೊಂಡ ಗುಡ್ಡಗಳು ಆಗ ಜರಿದು ದಾರಿಗಳು ಮುಚ್ಚುವ ಭಯವಿದೆ.

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಕಾವಲು ಕೆಲಸ ಮಾಡುವ ಆ ಜಿಲ್ಲೆಯವರೇ ಹೇಳುವಂತೆ, ಈಗ ತುರ್ತಾಗಿ ಬೇಕಿರುವುದು ತಗಡಿನ ಶೀಟು, ಮೊಳೆ ಮತ್ತು ಕಟ್ಟುವ ತಂತಿ, ಏಕೆಂದರೆ ಬಿದ್ದ ಮನೆಯ ಮರಮುಟ್ಟನ್ನೇ ಬಳಸಿ ಗೂಡು ಕಟ್ಟಿಕೊಳ್ಳಬಹುದು, ಮುಂದೆ ಮನೆ ಕಟ್ಟುವಾಗ ಅದೇ ತಗಡು ಮಾಡಿಗೂ ಆಗುತ್ತದೆ. ಇಲ್ಲಿಂದ ಲಾರಿಯಲ್ಲಿ ಕಳುಹಿಸುವುದಕ್ಕಿಂತ ಭಾರತದ ಗಡಿಗೆ ಹೊಂದಿಕೊಂಡ ನೇಪಾಳದ ಪಟ್ಟಣ ಬೀರ್‌ಗಂಜ್‌ನಲ್ಲೇ ಖರೀದಿಸುವುದು ಸೂಕ್ತವೆಂದು ತೋರುತ್ತದೆ.

ಬಿಹಾರದ ರಕ್ಸೌಲ್ ಮತ್ತು ಬೀರ್‌ಗಂಜ್ ನಡುವಿನ ಗಡಿಯ ಸುಂಕದ ಕ್ರಮಗಳನ್ನು ಬಲ್ಲವರು, ಅಲ್ಲಿನ ಸಗಟು ವ್ಯಾಪಾರಿಗಳ ಪರಿಚಯವಿರುವವರು ಹಾಗೂ ಹಣದ ನೆರವು ನೀಡಬಯಸುವವರು ದಯವಿಟ್ಟು ಇಲ್ಲಿಯೇ ತಿಳಿಸಬೇಕು. ಹಳೆಯ ಬಟ್ಟೆಗಳನ್ನು ಮಾತ್ರ (ಸದುದ್ದೇಶವೇ ಆದರೂ) ಕಳುಹಿಸಬೇಡಿ. ಅವುಗಳನ್ನು ವಿಂಗಡಿಸಿ ಗುಡ್ಡ ಹತ್ತಿಸಲು ಅಲ್ಲಿ ಕೈಗಳಿಲ್ಲ. ಖರೀದಿಯ ರಸೀದಿಗಳನ್ನೂ ಪಡೆದವರ ಪಟ್ಟಿಯನ್ನೂ ಹಣ ನೀಡಿದ ಪ್ರತಿಯೊಬ್ಬರಿಗೂ ಕಳುಹಿಸಲಾಗುವುದು.