ಅಂಬಾಸಿಡರ್ 1489 ಸಿಸಿ, ಹೋಂಡಾ ಸಿಟಿ 1498 ಸಿಸಿ: ವ್ಯತ್ಯಾಸ ಎಲ್ಲಿ?

ಪ್ರಶ್ನೆ: ಎರಡೂ ಪೆಟ್ರೋಲ್, ಇಂಜಿನ್ ಅಳತೆ ಹೆಚ್ಚುಕಮ್ಮಿ ಒಂದೇ. ಐದನೇ ತಲೆಮಾರಿನ ಸಿಟಿ 121 ಪಿಎಸ್ (ಇಂಜಿನ್ ಶಕ್ತಿಯ ಅಳತೆ) ಕೊಡುತ್ತೆ, ಅಂಬಿ ಅದರ ಅರ್ಧಕ್ಕೂ ಬರಲ್ಲ. ಯಾಕೆ? ದಿನಾ ಓಡಿಸೋಕೆ ಅಂಬಿ ಆಗುತ್ತಾ?

ಉತ್ತರ 1: ಅಂಬಿಯದು ಪುಶ್‌ರಾಡ್ (ಉದ್ದ ಕಡ್ಡಿಗಳಿಂದ ವಾಲ್ವ್ ತೆರೆಯೋ ಹಳೇ ವಿಧಾನ), ಸಿಲಿಂಡರಿಗೆ ಎರಡೇ ವಾಲ್ವ್, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ). ಸಿಟಿಯದು 16 ವಾಲ್ವ್ (ಸಿಲಿಂಡರಿಗೆ ನಾಲ್ಕು), ಟ್ವಿನ್ ಕ್ಯಾಮ್ (ವಾಲ್ವ್ ತೆರೆಯೋಕೆ ಮೇಲೇ ಎರಡು ಶಾಫ್ಟ್), ಇಂಜೆಕ್ಷನ್ (ಪೆಟ್ರೋಲ್ ಅಳೆದು ಸಿಂಪಡಿಸುತ್ತೆ). ಹಾಗಾಗಿ ಅದು ಹೆಚ್ಚು ಗಾಳಿ ಎಳೆದು ಹೆಚ್ಚು ಶಕ್ತಿ ಕೊಡುತ್ತೆ. ಅಷ್ಟೇ.

ಉತ್ತರ 2: ಆಗುತ್ತೆ ಸಾರ್, ಕೈ ಮಸಿ ಮಾಡ್ಕೊಳ್ಳೋಕೆ ರೆಡಿ ಇದ್ರೆ. ಸ್ಪಾರ್ಕ್ ಹುಟ್ಟಿಸೋಕೆ ತೆರೆದು ಮುಚ್ಚೋ ಕಾಂಟ್ಯಾಕ್ಟ್ ಪಾಯಿಂಟ್‌ಗಳ ಗ್ಯಾಪ್ 0.4 ಮಿಮೀ ಇಡಿ. ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಸ್ವಲ್ಪ ಹಿಡಿದಂತೆ ಜಾರಬೇಕು. ಪಾಯಿಂಟಿನ ಹೀಲ್ (ತಿರುಗೋ ಕ್ಯಾಮ್‌ಗೆ ಉಜ್ಜೋ ತುದಿ) ಸವೆದಂತೆ ಗ್ಯಾಪ್ ಕಮ್ಮಿಯಾಗಿ ಸ್ಪಾರ್ಕ್ ಟೈಮಿಂಗ್ ತಡವಾಗುತ್ತೆ, ಏರಿನಲ್ಲಿ ಗಾಡಿ ಎಳೆಯಲ್ಲ. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಹೋಸ್, ಫ್ಯುಯಲ್ ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ತಾಳಲ್ಲ, ಮೊದಲು ಅವನ್ನ ಬದಲಿಸಿ.

ಉತ್ತರ 3: ಹಳೇ ಮಾಡೆಲ್‌ಗಳಲ್ಲಿ ನಾಲ್ಕೂ ಡ್ರಮ್ ಬ್ರೇಕ್. ಚಾರ್ಮಾಡಿ ಘಾಟಿ ಇಳಿಯುವಾಗ ಎರಡನೇ ಗೇರ್‌ನಲ್ಲೇ ಬನ್ನಿ, ಪೆಡಲ್ ಒತ್ತಿಕೊಂಡೇ ಬಂದ್ರೆ ಡ್ರಮ್ ಕಾದು ಹಿಡಿತ ಹೋಗುತ್ತೆ.