ಚಂಡಮಾರುತ ಬಂದಾಗ ಮನೆ ಬಿಟ್ಟು ಹೋಗಬೇಕಾ? ನಮ್ಮ ಗ್ರೂಪಿನ ಪ್ರಶ್ನೋತ್ತರ

ಈ ವಾರ ನಮ್ಮ ಕಲಬುರಗಿ ಗ್ರೂಪಿನಲ್ಲಿ ಉತ್ತರ ಕೊಡುತ್ತಿರುವವರು ಆಳಂದ ತಾಲೂಕಿನವರು. ಕೇಂದ್ರದ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್‌ನಲ್ಲಿ ರಕ್ಷಣಾ ಕೆಲಸ ಮಾಡಿ ನಿವೃತ್ತರಾಗಿದ್ದಾರೆ. ಪ್ರಶ್ನೆ ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ಕಲಬುರಗಿಯಿಂದ ಒಬ್ಬ ತಾಯಿ): ಶರಣು ಸರ್. ನನ್ನ ಮಗಳು, ಅಳಿಯ, ಸಣ್ಣ ಮೊಮ್ಮಗ ಅಮೆರಿಕದ ಟ್ಯಾಂಪಾದಲ್ಲಿದ್ದಾರೆ. ಸಮುದ್ರದ ಕೊಲ್ಲಿಗೆ ಹತ್ತಿರದ ಮನೆ. ಅವರ ಏರಿಯಾಕ್ಕೆ 'ಬಿ' ವಲಯ ಅಂತಾರಂತೆ. 2024ರಲ್ಲಿ ಮಿಲ್ಟನ್ ಚಂಡಮಾರುತ ಬಂದಾಗ ಮನೆ ಖಾಲಿ ಮಾಡಿ ಅಂತ ಆದೇಶ ಬಂತು. ಹೋದರು. ಮಗುವನ್ನು ಕಟ್ಟಿಕೊಂಡು ಹದಿನಾರು ತಾಸು ಕಾರಿನಲ್ಲೇ ಕಳೆದರು. ವಾಪಸ್ ಬಂದು ನೋಡಿದರೆ ಮನೆಯೊಳಗೆ ಹನಿ ನೀರೂ ಬಂದಿರಲಿಲ್ಲ. ಈಗ ಅಳಿಯ, ಮುಂದಿನ ಸಲ ಏನೇ ಬರಲಿ ನಾವು ಹೋಗುವುದಿಲ್ಲ ಅನ್ನುತ್ತಾರೆ. ಅವರು ಅವತ್ತು ಸುಮ್ನೆ ಹೆದರಿ ಹೋದರಾ?

ಉತ್ತರ: ಅಕ್ಕಾ, ಶರಣು. ಸುಮ್ನೆ ಹೋಗಲಿಲ್ಲ, ಸರಿಯಾಗಿಯೇ ಹೋದರು. ಮನೆಗೆ ನೀರು ಬರಲಿಲ್ಲ, ನಿಜ. ಯಾಕೆ ಬರಲಿಲ್ಲ ಅನ್ನುವುದನ್ನು ಅಳಿಯಂದಿರಿಗೆ ಓದಿ ಹೇಳಿ.

ಆ ದೇಶದಲ್ಲೂ ನಮ್ಮಲ್ಲೂ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಟ್ಯಾಂಪಾ ಇರುವುದು ಫ್ಲೋರಿಡಾದ ಪಶ್ಚಿಮ ದಂಡೆಯಲ್ಲಿ. ಅಲ್ಲಿಗೆ ಚಂಡಮಾರುತ ಬಂದರೆ, ಅದರ ಕಣ್ಣಿನ (ಸುತ್ತುವ ಗಾಳಿಯ ನಟ್ಟನಡುವಿನ ಶಾಂತ ಜಾಗ) ದಕ್ಷಿಣಕ್ಕಿರುವ ಊರುಗಳ ಮೇಲೆ ಗಾಳಿ ಸಮುದ್ರವನ್ನೇ ತಳ್ಳಿಕೊಂಡು ಬರುತ್ತದೆ. ಉತ್ತರಕ್ಕಿರುವ ಊರುಗಳಲ್ಲಿ ಅದೇ ಗಾಳಿ ನೀರನ್ನು ದಂಡೆಯಿಂದ ಆಚೆಗೆ ದಬ್ಬುತ್ತದೆ. ಮಿಲ್ಟನ್ ಅಕ್ಟೋಬರ್ 9ರ ರಾತ್ರಿ ನೆಲ ಮುಟ್ಟಿದ್ದು ಸರಸೋಟಾ ಹತ್ತಿರದ ಸಿಯೆಸ್ಟಾ ಕೀ ಎಂಬಲ್ಲಿ. ಟ್ಯಾಂಪಾ ಅದರ ಉತ್ತರಕ್ಕೆ ಉಳಿಯಿತು. ಹಾಗಾಗಿ ಕೊಲ್ಲಿಯ ನೀರು ಹಿಂದೆ ಸರಿದು ದಂಡೆಯ ತಳವೇ ಕಾಣಿಸಿತು. ಅದೇ ಕಣ್ಣು ಟ್ಯಾಂಪಾವನ್ನು ದಾಟಿ ಸ್ವಲ್ಪ ಉತ್ತರದಲ್ಲಿ ನೆಲ ಮುಟ್ಟಿದ್ದರೆ ಆ ಎಲ್ಲ ನೀರು ಕೊಲ್ಲಿಯೊಳಗೆ ಬರುತ್ತಿತ್ತು. ಎರಡು ದಿನ ಮೊದಲಿನ ಮುನ್ಸೂಚನೆಯಲ್ಲಿ ನೂರು ಕಿಲೋಮೀಟರ್ ಆಚೀಚೆ ಆಗುವುದು ಸಹಜ. ಆದೇಶ ಕೊಡಬೇಕಾಗುವುದು ಮಾತ್ರ ಆ ಎರಡು ದಿನ ಮೊದಲೇ ಅಲ್ವಾ?

ಇನ್ನೊಂದು ಮಾತು. ಮಿಲ್ಟನ್‌ಗೆ ಎರಡು ವಾರ ಮೊದಲು, ಸೆಪ್ಟೆಂಬರ್ 26ರಂದು ಹೆಲೀನ್ ಬಂದಿತ್ತು. ಅದು ನೆಲ ಮುಟ್ಟಿದ್ದು ದೂರದ ಉತ್ತರ ಫ್ಲೋರಿಡಾದಲ್ಲಿ. ಟ್ಯಾಂಪಾದ ಪಕ್ಕಕ್ಕೂ ಬರದೆ ಸಮುದ್ರದಲ್ಲೇ ಹಾದು ಹೋಯಿತು. ಆದರೂ ಕೊಲ್ಲಿಯ ಸುತ್ತ ಸಾವಿರಾರು ಮನೆಗಳಿಗೆ ಸಮುದ್ರ ನುಗ್ಗಿತು, ಜನ ಮುಳುಗಿ ಸತ್ತರು. ದೂರ ಹೋದದ್ದು ನೀರು ತಂದಿತು, ಹತ್ತಿರ ಬಂದದ್ದು ನೀರು ಒಯ್ದಿತು. ಕಳೆದ ಸಲ ಏನಾಯಿತು ಅನ್ನುವುದನ್ನು ನೋಡಿ ಮುಂದಿನ ಸಲದ ಲೆಕ್ಕ ಹಾಕಬಾರದು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಟಿವಿಯಲ್ಲಿ 3, 4, 5 ಅಂತ ನಂಬರ್ ಹೇಳುತ್ತಾರಲ್ಲ, ಅದು ಗಾಳಿಯ ಲೆಕ್ಕ ಮಾತ್ರ. ಗಂಟೆಗೆ 178 ಕಿಲೋಮೀಟರ್ ದಾಟಿದರೆ 3, 252 ಮುಟ್ಟಿದರೆ 5. ನೀರು ಎಷ್ಟು ಏರುತ್ತದೆ ಅನ್ನುವುದು ಆ ನಂಬರಿನಲ್ಲಿ ಇಲ್ಲ. ಹೆಚ್ಚು ಜನರನ್ನು ಕೊಲ್ಲುವುದು ನೀರೇ. ಗಟ್ಟಿ ಗೋಡೆಯ ಹಿಂದೆ ಕೂತು ಗಾಳಿಯನ್ನು ತಡೆದುಕೊಳ್ಳಬಹುದು. ನೀರಿಗೆ ಆ ಮಾತು ನಡೆಯುವುದಿಲ್ಲ. ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ನೀರು 1000 ಕೆಜಿ ತೂಗುತ್ತದೆ. ಅದು ಅಲೆಯಾಗಿ ಬಂದು ಗೋಡೆಗೆ ಗುದ್ದುತ್ತಲೇ ಇರುತ್ತದೆ.

ಪ್ರಶ್ನೆ (ಅದೇ ತಾಯಿ): ಓದಿ ಹೇಳಿದೆ ಸರ್. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕೇಳಿದರು: ಹಾಗಾದರೆ ಎಷ್ಟು ದೂರ ಹೋಗಬೇಕು, ಯಾವಾಗ ಹೊರಡಬೇಕು? ಮತ್ತೆ ಹದಿನಾರು ತಾಸು ಕಾರಿನಲ್ಲಿ ಕೂರಲು ಆಗುವುದಿಲ್ಲ.

ಉತ್ತರ: ಅವರ ಸಿಟ್ಟು ನ್ಯಾಯವಾದದ್ದೇ. 2005ರಲ್ಲಿ ಇದೇ ದೊಡ್ಡ ಅನಾಹುತವಾಗಿತ್ತು. ಆಗಸ್ಟ್‌ನಲ್ಲಿ ಕತ್ರಿನಾ ಬಂದು ನ್ಯೂ ಆರ್ಲಿಯನ್ಸ್ ಮುಳುಗಿತ್ತು. ಸೆಪ್ಟೆಂಬರ್‌ನಲ್ಲಿ ರೀಟಾ ಬರುತ್ತದೆ ಅಂದ ಕೂಡಲೇ ಹೂಸ್ಟನ್ ಕಡೆಯ ಜನ ಎಲ್ಲರೂ ಒಮ್ಮೆಗೇ ರಸ್ತೆಗಿಳಿದರು. ಹೋಗಬೇಕಾದವರೂ ಹೊರಟರು, ಹೋಗುವ ಅಗತ್ಯವೇ ಇಲ್ಲದವರೂ ಹೊರಟರು. ಬಿಸಿಲಿನಲ್ಲಿ ಪೆಟ್ರೋಲ್ ಮುಗಿದು ಕಾರುಗಳು ಸಾಲಾಗಿ ನಿಂತವು. ವೃದ್ಧಾಶ್ರಮದವರನ್ನು ಒಯ್ಯುತ್ತಿದ್ದ ಒಂದು ಬಸ್ಸಿಗೆ ಬೆಂಕಿ ಬಿದ್ದು 23 ಜನ ಹೋದರು. ಆ ಚಂಡಮಾರುತದ ಲೆಕ್ಕಕ್ಕೆ ಬಂದ ಸಾವುಗಳಲ್ಲಿ ಜಾಸ್ತಿ ಆಗಿದ್ದು ಹೀಗೆ ಊರು ಬಿಡುವಾಗಲೇ.

ಅದಕ್ಕೇ ವಲಯಗಳನ್ನು ಮಾಡಿದ್ದಾರೆ. 'ಎ' ಅಂದರೆ ಮೊದಲು ಮುಳುಗುವ ಜಾಗ, ಆಮೇಲೆ 'ಬಿ', ಹೀಗೆ 'ಇ'ವರೆಗೆ. ನಿಮ್ಮ ಮಗಳ ಮನೆಯವರು ಬೇರೆ ರಾಜ್ಯಕ್ಕೆ ಓಡಬೇಕಾಗಿಲ್ಲ. ಯಾವ ಅಕ್ಷರವೂ ಇಲ್ಲದ ಎತ್ತರದ ಜಾಗದಲ್ಲಿ ಗಟ್ಟಿ ಮನೆ ಇರುವ ಒಬ್ಬ ಗೆಳೆಯರು ಸಿಕ್ಕರೆ ಸಾಕು. ಮೂವತ್ತು ನಲವತ್ತು ಕಿಲೋಮೀಟರ್ ಒಳಗೇ ಇದ್ದರೂ ನಡೆಯುತ್ತದೆ. ಆ ಗೆಳೆಯರನ್ನು ಈಗಲೇ ಕೇಳಿ ಇಟ್ಟುಕೊಳ್ಳಲಿ. ಮಳೆ ಶುರುವಾದ ಮೇಲೆ ಕೇಳುವುದಲ್ಲ.

ಯಾವಾಗ ಹೊರಡಬೇಕು ಅಂದರೆ, ಅಲ್ಲಿನ ಹವಾಮಾನ ಇಲಾಖೆ ಬಿರುಗಾಳಿ ಮುಟ್ಟುವ ಸುಮಾರು 48 ಗಂಟೆ ಮೊದಲು ಒಂದು ಮುನ್ನೆಚ್ಚರಿಕೆ ಕೊಡುತ್ತದೆ, 36 ಗಂಟೆ ಮೊದಲು ಗಟ್ಟಿ ಎಚ್ಚರಿಕೆ ಕೊಡುತ್ತದೆ. ಮೊದಲನೆಯದು ಬಂದಾಗ ಕಾರಿಗೆ ಪೆಟ್ರೋಲ್ ತುಂಬಿಸಿ, ಔಷಧ ತಂದು, ಪಾಸ್‌ಪೋರ್ಟ್ ಮತ್ತು ವೀಸಾ ಕಾಗದ ಒಂದು ಚೀಲಕ್ಕೆ ಹಾಕಿ ಇಡಬೇಕು. ನಿಮ್ಮ ವಲಯದ ಹೆಸರು ಕೂಗಿದ ದಿನ, ಬೆಳಕು ಇರುವಾಗಲೇ ಹೊರಟುಬಿಡಬೇಕು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ಮೂರು ದಿನದ ನೀರು ಬೇಕು. ಊಟಕ್ಕೆ ನಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದು ಇಲ್ಲ. ಒಲೆ ಬೇಡ, ಫ್ರಿಜ್ ಬೇಡ. ನೀವು ಕಳಿಸಿದ ಡಬ್ಬಿ ಇದ್ದರೆ ಅದನ್ನೇ ಒಯ್ಯಲಿ.

ಬಿರುಗಾಳಿ ಹೋದ ಮೇಲೆ ಒಂದು ಸಾವು ಬರುತ್ತದೆ, ಅದನ್ನು ಯಾರೂ ನೆನೆಸಿರುವುದಿಲ್ಲ. ಕರೆಂಟ್ ಇಲ್ಲ ಅಂತ ಗ್ಯಾರೇಜಿನೊಳಗೆ ಜನರೇಟರ್ ಹಚ್ಚುತ್ತಾರೆ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮನೆಯವರೆಲ್ಲ ಮಲಗಿದಲ್ಲೇ ಹೋಗುತ್ತಾರೆ. ಜನರೇಟರ್ ಯಾವಾಗಲೂ ಹೊರಗೇ, ಕಿಟಕಿಯಿಂದ ದೂರವೇ ಇರಬೇಕು.

ಪ್ರಶ್ನೆ (ಸುರಪುರ ತಾಲೂಕು, ಯಾದಗಿರಿ ಜಿಲ್ಲೆ): ನಮಸ್ಕಾರ್ರೀ ಸರ್. ಅಮೆರಿಕದ ಮಾತಾಯಿತು. ನಮ್ಮ ತಮ್ಮ ವಿಶಾಖಪಟ್ಟಣದಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದಾನೆ. ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಕಾರು ಇಲ್ಲ. ಹೇಳದೆ ಹೋದರೆ ಪಗಾರ ಕಟ್. ಅಂಥವರು ಏನು ಮಾಡಬೇಕು?

ಉತ್ತರ: ತಮ್ಮಾ, ಒಳ್ಳೆಯದು ಮಾಡಿದಿ ಕೇಳಿ. ನಿಮ್ಮ ತಮ್ಮನಿಗೆ ಗಾಳಿಯೂ ಅಪಾಯ. ತಗಡಿನ ಶೆಡ್ ಗಾಳಿಗೆ ನಿಲ್ಲುವುದಿಲ್ಲ, ಹಾರಿದ ತಗಡು ಮಚ್ಚಿನ ಹಾಗೆ ಬರುತ್ತದೆ.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಬಂದು ಬಡಿದದ್ದು ವಿಶಾಖಪಟ್ಟಣಕ್ಕೇ. ನಾನು ಆ ಡ್ಯೂಟಿಯಲ್ಲಿದ್ದೆ. ನನಗೆ ಇವತ್ತಿಗೂ ಮರೆಯದ್ದು ಮಧ್ಯದ ಆ ಮೌನ. ಗಾಳಿ ಒಮ್ಮೆಗೇ ನಿಂತಿತು. ಮುಗಿಯಿತು ಅಂತ ಜನ ಹೊರಗೆ ಬಂದರು, ಬಿದ್ದ ಮರದ ಫೋಟೋ ತೆಗೆಯತೊಡಗಿದರು. ನಾವು ಗಂಟಲು ಹರಿಯುವ ಹಾಗೆ ಕೂಗಿ ಒಳಗೆ ಕಳಿಸಿದೆವು. ಅದು ಚಂಡಮಾರುತದ ಕಣ್ಣು. ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಗಾಳಿ ಶುರುವಾಯಿತು. ತಮ್ಮನಿಗೆ ಇದೊಂದನ್ನು ಫೋನ್ ಮಾಡಿ ಹೇಳು: ಗಾಳಿ ನಿಂತರೆ ಹೊರಗೆ ಬರಬೇಡ, ಸರ್ಕಾರದವರು ಹೇಳುವ ತನಕ ಕಾಯಿ.

ಬಂದರಿನಲ್ಲಿ ಎಚ್ಚರಿಕೆ ನಂಬರ್ ಏರಿಸುತ್ತಾರೆ, 1ರಿಂದ 11ರವರೆಗೆ. 8, 9, 10 ಅಂದರೆ ಮಹಾ ಅಪಾಯ. ಆ ನಂಬರ್ ಏರಲಿ ಅಂತ ಕಾಯುತ್ತ ಶೆಡ್ಡಿನಲ್ಲಿ ಕೂರಲೇಬಾರದು. ಶಾಲೆ, ಚಂಡಮಾರುತ ಆಶ್ರಯ ಕಟ್ಟಡ, ಇಲ್ಲವೇ ಅವರೇ ಕಟ್ಟುತ್ತಿರುವ ಆರ್‌ಸಿಸಿ ಕಟ್ಟಡದ ಮಧ್ಯದ ಕೋಣೆ, ಯಾವುದಾದರೂ ಆದೀತು. ಪಗಾರದ ಮಾತು ಆಮೇಲೆ. ಮೇಸ್ತ್ರಿ ಬಿಡದಿದ್ದರೆ 112ಕ್ಕೆ ಫೋನ್ ಮಾಡಲಿ.

ಕಾರಿಲ್ಲದ ಬಡವರನ್ನು ಉಳಿಸಲು ಆಗುತ್ತದೆ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಸೂಪರ್ ಸೈಕ್ಲೋನ್ ಬಂದಾಗ ಸುಮಾರು ಹತ್ತು ಸಾವಿರ ಜನ ಹೋದರು. ಆಮೇಲೆ ಆ ರಾಜ್ಯದವರು ದಂಡೆಯುದ್ದಕ್ಕೂ ಆಶ್ರಯ ಕಟ್ಟಡ ಕಟ್ಟಿದರು, ಹಳ್ಳಿಹಳ್ಳಿಯಲ್ಲಿ ಹುಡುಗರನ್ನು ತಯಾರು ಮಾಡಿದರು. 2019ರಲ್ಲಿ ಫೋನಿ ಬಂದಾಗ ಸುಮಾರು 12 ಲಕ್ಷ ಜನರನ್ನು ಬಸ್ಸಿನಲ್ಲಿ, ನಡೆಸಿಕೊಂಡು, ಹೊತ್ತುಕೊಂಡು ಮೇಲೆ ಸಾಗಿಸಿದರು. ಸಾವು ನೂರರೊಳಗೇ ನಿಂತಿತು.

ಪ್ರಶ್ನೆ (ಅಫಜಲಪುರ ತಾಲೂಕು): ಸರ್, ನಮಗೆ ಸಮುದ್ರ ಎಲ್ಲಿಯ ಮಾತು? ನಮ್ಮದು ಭೀಮಾ ದಂಡೆ. ಹೊಳೆ ಬಂದಾಗ ನಮ್ಮ ಅವ್ವ ಎಮ್ಮೆ ಬಿಟ್ಟು ಬರುವುದೇ ಇಲ್ಲ. ಅದಕ್ಕೆ ಏನಾದರೂ ಹೇಳಿ.

ಉತ್ತರ: ಸಮುದ್ರ ನಿಮ್ಮ ಹೊಲಕ್ಕೂ ಬಂದಿತ್ತು ಅಣ್ಣಾ. 2020ರ ಅಕ್ಟೋಬರ್ ನೆನಪಿದೆಯಲ್ಲ? ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ 13ನೇ ತಾರೀಕು ಕಾಕಿನಾಡ ಹತ್ತಿರ ದಂಡೆ ದಾಟಿತು. ಅದು ಚಂಡಮಾರುತ ಅನ್ನುವ ಹೆಸರನ್ನೂ ಪಡೆದಿರಲಿಲ್ಲ. ಹೈದರಾಬಾದ್ ಮುಳುಗಿಸಿ, ನಮ್ಮ ಜಿಲ್ಲೆಯ ಮೇಲೆ ಸುರಿದು, ಸೊಲ್ಲಾಪುರ ಕಡೆ ಹೋಯಿತು. ಮೇಲಿನಿಂದ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ನೀರು, ಇಲ್ಲಿ ನಮ್ಮದೇ ಮಳೆ. ಸೊನ್ನ ಬ್ಯಾರೇಜಿನಿಂದ ಕೆಳಗೆ ಭೀಮಾ ಊರೂರನ್ನೇ ನುಂಗಿತು. ಕಟಾವಿಗೆ ಬಂದಿದ್ದ ಬೆಳೆ, ತೊಗರಿ, ಎಲ್ಲ ಹೋಯಿತು.

ಅವ್ವನ ವಿಷಯ. ಅವರನ್ನು ಬೈಯಬೇಡಿ. ಕತ್ರಿನಾ ಬಂದಾಗ ನಾಯಿ ಬೆಕ್ಕು ಬಿಡಲಾರದೆ ಮನೆಯಲ್ಲೇ ಉಳಿದವರು ಅಲ್ಲೂ ಬಹಳ ಇದ್ದರು. ಮರುವರ್ಷ, 2006ರಲ್ಲಿ, ಸಾಕುಪ್ರಾಣಿಗಳನ್ನೂ ಸಾಗಿಸುವ ಯೋಜನೆ ಇರಬೇಕು ಅಂತ ಆ ದೇಶ ಕಾನೂನನ್ನೇ ಮಾಡಿತು. ನಮ್ಮ ಕಡೆ ನಾನು ಕಂಡ ಉಪಾಯ ಒಂದೇ. ಮೊದಲು ಎಮ್ಮೆ ಸಾಗಿಸಿ. ಬ್ಯಾರೇಜ್ ಗೇಟ್ ಎತ್ತುತ್ತಾರೆ ಅನ್ನುವ ಸುದ್ದಿ ಬಂದ ದಿನವೇ ಎತ್ತರದ ಊರಿನ ಬೀಗರ ಮನೆಗೆ ಎಮ್ಮೆ ಹೊಡೆದುಕೊಂಡು ಹೋಗಿ. ಎಮ್ಮೆಯ ಹಿಂದೆ ಅವ್ವ ತಾನೇ ಬರುತ್ತಾರೆ. ಡಂಗುರ ಸಾರಿದ ಮೇಲೆ ಹೊರಟರೆ ರಾತ್ರಿ ಆಗಿರುತ್ತದೆ, ದಾರಿ ಹಳ್ಳದಲ್ಲಿರುತ್ತದೆ. ಸಮಯವೇ ಉಳಿದಿಲ್ಲ ಅಂದರೆ ದನದ ಹಗ್ಗ ಬಿಚ್ಚಿಬಿಡಿ. ಕಟ್ಟಿದ ದನ ನಿಂತಲ್ಲೇ ಮುಳುಗುತ್ತದೆ, ಬಿಟ್ಟ ದನ ಈಜುತ್ತದೆ.

ಸೇತುವೆ ಮೇಲೆ ನೀರು ಹರಿಯುವಾಗ ಬೈಕ್ ಇಳಿಸಬೇಡಿ. ಮೊಳಕಾಲು ಮುಟ್ಟದ ನೀರೂ ರಭಸ ಇದ್ದರೆ ಮನುಷ್ಯನನ್ನು ಕೆಡವುತ್ತದೆ. ಎರಡು ಅಡಿ ನೀರು ಜೀಪನ್ನೂ ಒಯ್ಯುತ್ತದೆ. ಪಹಣಿ, ರೇಷನ್ ಕಾರ್ಡ್, ಪಾಸ್‌ಬುಕ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವ್ವನ ಕೈಗೇ ಕೊಡಿ. ಕಾಳಜಿ ಕೇಂದ್ರ ಎಲ್ಲಿ ತೆರೆದಿದೆ ಅಂತ ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ಫೋನ್ ಮಾಡಿ ಕೇಳಿ.

ಪ್ರಶ್ನೆ (ಕಲಬುರಗಿಯ ತಾಯಿ): ಅಳಿಯ ಒಪ್ಪಿದ್ದಾರೆ ಸರ್. ಗೆಳೆಯರೊಬ್ಬರನ್ನು ಕೇಳಿಯೂ ಆಯಿತು. ನನ್ನದು ಕೊನೆಯ ಪ್ರಶ್ನೆ. ಅವತ್ತು ಫೋನ್ ಹತ್ತದೆ ನಾನು ದೇವರ ಮುಂದೆ ಕೂತುಬಿಟ್ಟಿದ್ದೆ. ಇಲ್ಲಿ ಕೂತವರು ಏನೂ ಮಾಡಲು ಆಗುವುದಿಲ್ಲವಾ?

ಉತ್ತರ: ಆಗುತ್ತದೆ ಅಕ್ಕಾ. ಬಿರುಗಾಳಿಯ ಊರಿನೊಳಗೆ ಒಬ್ಬರಿಗೊಬ್ಬರು ಫೋನ್ ಹತ್ತದಿದ್ದರೂ ಹೊರಗಿನವರಿಗೆ ಒಂದು ಮೆಸೇಜ್ ಹೋಗುವುದುಂಟು. ಮಗಳು, ಅಳಿಯ, ಗೆಳೆಯರು, ಎಲ್ಲರೂ ನಿಮಗೊಬ್ಬರಿಗೇ ಮೆಸೇಜ್ ಹಾಕಲಿ. ಯಾರು ಎಲ್ಲಿದ್ದಾರೆ ಅಂತ ನೀವು ಬರೆದಿಟ್ಟುಕೊಂಡು ಉಳಿದವರಿಗೆ ತಿಳಿಸಿ. ಮಿಲ್ಟನ್ ಅಲ್ಲಿ ರಾತ್ರಿ ಎಂಟೂವರೆಗೆ ನೆಲ ಮುಟ್ಟಿದಾಗ ನಮ್ಮಲ್ಲಿ ಬೆಳಗಿನ ಆರು. ಅಂದರೆ ಅಲ್ಲಿನ ಕೆಟ್ಟ ರಾತ್ರಿಯಲ್ಲಿ ನೀವು ಎಚ್ಚರವಾಗಿಯೇ ಇರುತ್ತೀರಿ.

ಕಾಲ್ ಮಾಡುತ್ತಲೇ ಇರಬೇಡಿ, ಅವರ ಬ್ಯಾಟರಿ ಹೋಗುತ್ತದೆ. ಟವರ್ ಬಿದ್ದರೆ ಒಂದು ದಿನ ಸುದ್ದಿ ಇಲ್ಲದಿರುವುದು ಸಾಮಾನ್ಯ. ಅದಕ್ಕೆ ಗಾಬರಿ ಬೇಡ. ದಿನ ದಾಟಿದರೆ ಮೊದಲು ಆ ಗೆಳೆಯರಿಗೆ, ಆಮೇಲೆ ಅಟ್ಲಾಂಟಾದಲ್ಲಿರುವ ಭಾರತದ ದೂತ ಕಚೇರಿಗೆ ಫೋನ್ ಮಾಡಿ. ಫ್ಲೋರಿಡಾ ಅವರ ವ್ಯಾಪ್ತಿಗೇ ಬರುತ್ತದೆ. ಅವರು ಪಾಸ್‌ಪೋರ್ಟ್ ನಂಬರ್, ಅಲ್ಲಿನ ವಿಳಾಸ ಕೇಳುತ್ತಾರೆ. ಇವತ್ತು ಸಂಜೆಯೇ ಮಗಳಿಂದ ಎರಡನ್ನೂ ಕೇಳಿ, ಒಂದು ಹಾಳೆಯ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿ ಇಡಿ.