ಸಹಾಯ ಬೇಕು: ಕೋರ್ಸೇರ್ ರೆಕ್ಕೆಯ ಬುಡದ ಸಂದು ಮುಚ್ಚುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಎಫ್4ಯು-1ಎ ಕೋರ್ಸೇರ್‌ನ 1/48 ಅಳತೆಯ ಪ್ಲಾಸ್ಟಿಕ್ ಮಾದರಿ ಕಟ್ಟುತ್ತಿದ್ದೇನೆ. ನಿಜವಾದ ವಿಮಾನದ ಪ್ರೊಪೆಲ್ಲರ್ ಸುಮಾರು 4 ಮೀಟರ್ ಅಗಲ. ಅದು ಹಡಗಿನ ಡೆಕ್‌ಗೆ ತಾಗಬಾರದು, ಚಕ್ರದ ಕಾಲೂ ಗಿಡ್ಡವಾಗಿರಬೇಕು ಅಂತ ರೆಕ್ಕೆಯನ್ನು ಮೊದಲು ಕೆಳಕ್ಕೆ ಬಾಗಿಸಿ, ಆಮೇಲೆ ಮೇಲಕ್ಕೆ ಎತ್ತಿದರು. ಆ ಬಾಗು ನೋಡಿಯೇ ಈ ಕಿಟ್ ತಗೊಂಡೆ. ಈಗ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಎಡ ರೆಕ್ಕೆ ವಿಮಾನದ ಮೈಗೆ ಸೇರುವ ಕಡೆ, ಮೇಲ್ಭಾಗದಲ್ಲಿ ಅರ್ಧ ಮಿಲಿಮೀಟರ್ ಸಂದು ಬಿಟ್ಟಿದೆ. ಬಲಗಡೆ ಚೆನ್ನಾಗಿ ಕೂತಿದೆ. ಎರಡು ಸಲ ಪುಟ್ಟಿ ತುಂಬಿದೆ. ಒಂದು ದಿನ ಒಣಗಲು ಬಿಟ್ಟು 400, ಆಮೇಲೆ 800 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಪ್ರೈಮರ್ ಹೊಡೆದರೆ ಮತ್ತೆ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಉಜ್ಜಿ ಉಜ್ಜಿ ಪಕ್ಕದ ಪ್ಯಾನೆಲ್ ಗೆರೆಗಳೂ (ವಿಮಾನದ ತಗಡುಗಳು ಸೇರುವ ಕಡೆ ತೋರಿಸುವ ಸಣ್ಣ ಗೀರುಗಳು) ಅಳಿಸಿಹೋಗುತ್ತಿವೆ, ಅದೇ ಜಾಸ್ತಿ ಬೇಜಾರು.

ಅಂಟು ಗಟ್ಟಿಯಾಗಿದೆ, ರೆಕ್ಕೆ ಬಿಚ್ಚಲು ಆಗುವುದಿಲ್ಲ. ಹಳೇ ಪುಟ್ಟಿ ಕೆರೆದು ತೆಗೆದು, ಸಂದಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಅಂಟಿಸಲಾ? ಇಲ್ಲ, ಸೂಪರ್ ಗ್ಲೂ ಹರಿಸಿದರೆ ಸಾಕಾ? ಈ ಬಾಗಿದ ಜಾಗದಲ್ಲಿ ಎರಡರಲ್ಲಿ ಯಾವುದು ಮತ್ತೆ ಬಿರುಕು ಬಿಡದೆ ನಿಲ್ಲುತ್ತದೆ, ಮಾಡಿ ನೋಡಿದವರು ಹೇಳುತ್ತೀರಾ?